ಟೋಪಿ ಹಾಕಿದ ಫೋಟೋ

ಪಾಲಿಕೆ ಚುನಾವಣೆಗೆ ಮುಖಂಡ ವೃಷಭೇಂದ್ರಪ್ಪನವರು ಮೂವತ್ತೊಂಬತ್ತು ವಾರ್ಡುಗಳ ಪಟ್ಟಿ ಸಿದ್ಧಮಾಡಿದರು. ಅದರಲ್ಲಿ ಮುಸಲ್ಮಾನರ ಹೆಸರು ಒಂದೂ ಇರಲಿಲ್ಲ. ಪತ್ರಿಕೆಯವರು ಯಾಕೆಂದು ಕೇಳಿದ್ದೇ ತಡ, ಅವರು ಗಾದಿ ಹೊಲಿಯುವ ದಾವಲಸಾಬನ ಅಂಗಡಿಗೆ ಧಾವಿಸಿದರು.

"ನಾಳೆ ಸಭೆಯೊಳಗ ಟೋಪಿ ಹಾಕ್ಕೊಂಡು ನನ್ನ ಬಾಜೂಕ ಕುಂದ್ರು. ನಿಮ್ಮ ಮಂದಿಗೆ ಪ್ರಾತಿನಿಧ್ಯ ಕೊಟ್ಟೇವಿ ಅಂತ ಜನಕ್ಕ ಕಾಣಬೇಕು."

"ಎರಡು ಮಾತಾಡಬಹುದೇನ್ರಿ ಸಾಹೇಬ್ರ?"

"ಮಾತು ಯಾಕ? ಮಾರಿ ಕಂಡ್ರ ಸಾಕು. ಅದೂ ಕಾಣಲಿಲ್ಲಂದ್ರ ನಿನ್ನ ಫುಟ್‌ಪಾತ್ ಅಂಗಡಿ ಎತ್ತಸ್ತೀನಿ!"

"ಮಾರಿ ಖಂಡಿತ ಕಾಣಸ್ತದ್ರಿ" ಅಂದ ದಾವಲಸಾಬ.

ಮರುದಿನ ಸಭೆಗೆ ಮೊದಲೇ ಬಂದು, ಟೋಪಿ ಹಾಕಿದ ತನ್ನ ದೊಡ್ಡ ಫೋಟೋವನ್ನು ವೇದಿಕೆಯ ಕುರ್ಚಿಯ ಮೇಲೆ ಕೂರಿಸಿ, ತಾನು ಹಿಂದಿನ ಸಾಲಿನಲ್ಲಿ ಕೂತ. ಗಣ್ಯರಿಗೆಲ್ಲ ಹಾರ ಹಾಕುತ್ತ ಬಂದ ಕಾರ್ಯಕರ್ತ ಫೋಟೋಕ್ಕೂ ಒಂದು ಹಾಕಿದ. ಹಾರ ಬಿದ್ದ ಫೋಟೋ ಕಂಡು ಜನ ಪಾಪ ಎಂದು ಎದ್ದು ನಿಂತು ಮೌನ ಆಚರಿಸಿದರು.

ತಡವಾಗಿ ಬಂದ ವೃಷಭೇಂದ್ರಪ್ಪನವರು ಇದನ್ನು ನೋಡಿ ತಕ್ಷಣ ಮೈಕು ಹಿಡಿದರು. ಕರವಸ್ತ್ರದಿಂದ ಒಣ ಕಣ್ಣು ಒರೆಸಿಕೊಂಡರು.

"ದಾವಲಸಾಬರ ಅಗಲಿಕೆ ಪಕ್ಷಕ್ಕೆ ತುಂಬಲಾರದ ನಷ್ಟ. ಈ ವಾರ್ಡಿನ ಟಿಕೆಟ್ ಅವರಿಗೇ ಅಂತ ನಾನು ನಿಶ್ಚಯ ಮಾಡಿದ್ದೆ. ಏನು ಮಾಡೋದು, ದೇವರು ಅವಕಾಶ ಕೊಡಲಿಲ್ಲ!"

ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು.

"ಕೊಟ್ಟಾನ್ರಿ ಸಾಹೇಬ್ರ! ನಾ ಇಲ್ಲೇ ಅದೀನಿ. ನಾಮಪತ್ರಕ್ಕ ನಾಳೆ ತನಕ ಟೈಮ್ ಐತಿ."

ಜನ ಕುರ್ಚಿ ಹತ್ತಿ ಚಪ್ಪಾಳೆ ತಟ್ಟಿದರು. ವೃಷಭೇಂದ್ರಪ್ಪನವರಿಗೆ ಮಾತ್ರ ಆಗ ನಿಜವಾಗಿಯೂ ಕಣ್ಣೀರು ಬಂತು.