ಬಿಟ್ಟುಕೊಡದ ಕಪಾಟು

“ಗುರುಗಳೇ, ಹೊಟ್ಟೆಕಿಚ್ಚು ಹೊಟ್ಟೆಯೊಳಗೇ ಇದ್ದರೆ ಅದರಿಂದ ಯಾರಿಗೇನು ಕೇಡು?” ಎಂದು ಮರುಳಯ್ಯ ಕೇಳಿದ.

ಅವನು ಮಠದ ಶಾಲೆಯಲ್ಲಿ ಬಹುಕಾಲದಿಂದ ಗಣಿತ ಹೇಳಿಕೊಡುತ್ತಿದ್ದ ಶಿಷ್ಯ. ಈ ವರ್ಷ ಗಣಿತ ಹೇಳಿಕೊಡಲು ಇನ್ನೊಬ್ಬ ಶಿಷ್ಯನೂ ಬಂದಿದ್ದ. ಮಕ್ಕಳು ಒಬ್ಬೊಬ್ಬರಾಗಿ ಆ ಹೊಸಬನ ಕೊಠಡಿಗೆ ಹೋಗತೊಡಗಿದ್ದರು. ತಾನು ಹೊಸಬನ ವಿರುದ್ಧ ಒಂದು ಮಾತೂ ಆಡಿಲ್ಲ, ಉರಿದರೆ ತಾನೊಬ್ಬನೇ ಉರಿಯುತ್ತೇನೆ ಎಂದು ಮರುಳಯ್ಯ ಹೇಳಿಕೊಂಡ.

ಗುರುಗಳು ನಕ್ಕರು. “ಒಬ್ಬನೇ ಉರಿದು ಮುಗಿಸುವಷ್ಟು ದೊಡ್ಡ ಮನುಷ್ಯ ನೀನಲ್ಲ. ಕೂತುಕೋ” ಎಂದು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಡೇಟಾ ಸೆಂಟರ್ ಇಟ್ಟಿದ್ದ. ಹತ್ತಾರು ಸಂಸ್ಥೆಗಳು ತಮ್ಮ ಮಾಹಿತಿಯನ್ನೆಲ್ಲ ಅವನ ಯಂತ್ರಗಳಲ್ಲಿ ಇಡುತ್ತಿದ್ದವು. ಅವನ್ನು ನೋಡಿಕೊಳ್ಳಲು ಒಬ್ಬನಿದ್ದ. ಅವನನ್ನು ಉಗ್ರಾಣಿಕ ಎನ್ನೋಣ. ಅಕ್ಕಿ ಬೇಳೆಯ ಬದಲು ಮಾಹಿತಿ, ಅಷ್ಟೇ ವ್ಯತ್ಯಾಸ. ಜಾಗ ಬೇಕಾದವರು ಅವನನ್ನೇ ಕೇಳಬೇಕಿತ್ತು. ಅವನು ಕೂರಿಸಿ, ಕಾಫಿ ತರಿಸಿ, ‘ನಾಳೆ ಬನ್ನಿ, ನೋಡೋಣ’ ಎನ್ನುತ್ತಿದ್ದ. ಮರುದಿನ, ಮಾಹಿತಿ ತುಂಬುವ ಡಿಸ್ಕುಗಳನ್ನು ಜೋಡಿಸಿಟ್ಟ ಯಾವುದೋ ಕಪಾಟಿನಲ್ಲಿ ಜಾಗ ಮಾಡಿ ಕೊಡುತ್ತಿದ್ದ. ಕೆಲಸದಲ್ಲಿ ಗಟ್ಟಿಗ. ಆದರೆ ‘ನಾಳೆ ಬನ್ನಿ’ ಎನ್ನುವುದರಲ್ಲಿ ಅವನಿಗೊಂದು ಸುಖವಿತ್ತು.

ವ್ಯಾಪಾರಿ ಹೊಸದೊಂದು ಸಾಫ್ಟ್‌ವೇರ್ ತಂದ. ಅದು ಎಲ್ಲ ಕಪಾಟುಗಳ ಡಿಸ್ಕುಗಳನ್ನೂ ಸೇರಿಸಿ ಒಂದೇ ಕಣಜ ಮಾಡಿತು. ಎಷ್ಟು ಜಾಗ ಬೇಕೆಂದು ನಾಲ್ಕು ಸಾಲು ಬರೆದರೆ ಸಾಕು, ಅದೇ ಹುಡುಕಿ ಕೊಡುತ್ತಿತ್ತು. ಇಟ್ಟದ್ದಕ್ಕೆಲ್ಲ ಮೂರು ಪ್ರತಿ ಮಾಡಿ ಮೂರು ಕಡೆ ಇಡುತ್ತಿತ್ತು. ಒಂದು ಡಿಸ್ಕು ಕೆಟ್ಟರೆ ಉಳಿದ ಪ್ರತಿಯಿಂದ ಇನ್ನೊಂದನ್ನು ತಾನೇ ಮಾಡಿಕೊಳ್ಳುತ್ತಿತ್ತು. ನಾಳೆ ಬನ್ನಿ ಎಂದು ಅದು ಯಾರಿಗೂ ಹೇಳಲಿಲ್ಲ.

ಉಗ್ರಾಣಿಕನಿಗೆ ಮೈಯೆಲ್ಲ ಉರಿಯಿತು. ಹೊಟ್ಟೆಕಿಚ್ಚು ಮನುಷ್ಯನ ಮೇಲಾದರೆ ಎದುರಿಗೆ ಸಿಕ್ಕಾಗ ಮುಖ ತಿರುಗಿಸಬಹುದು. ಊಟ ಮಾಡದ, ಸಂಬಳ ಕೇಳದ ಸಾಫ್ಟ್‌ವೇರಿಗೆ ಮುಖ ತಿರುಗಿಸಿದರೆ ಅದಕ್ಕೇನು ಗೊತ್ತಾಗಬೇಕು? ಆದರೆ ಹೊಟ್ಟೆಕಿಚ್ಚಿಗೆ ಕಣ್ಣಿಲ್ಲದಿದ್ದರೂ ಉಪಾಯಕ್ಕೇನೂ ಕಡಿಮೆಯಿಲ್ಲ, ಮರುಳಯ್ಯ. ಅವನು ಎಲ್ಲ ಕಪಾಟುಗಳನ್ನೂ ಬಿಟ್ಟುಕೊಟ್ಟು ಒಂದನ್ನು ಮಾತ್ರ ಉಳಿಸಿಕೊಂಡ. ಹಳೆಯದು, ಪರೀಕ್ಷೆಗೆ ಇರಲಿ ಎಂದು ವ್ಯಾಪಾರಿಗೆ ಹೇಳಿದ. ಹೊಸದು ಒಂದು ದಿನ ಎಡವುತ್ತದೆ, ಎಲ್ಲರೂ ತನ್ನ ಬಳಿಗೆ ಓಡಿ ಬರುತ್ತಾರೆ, ಆಗ ಈ ಕಪಾಟಿನಲ್ಲಿ ಜಾಗ ಕೊಡುತ್ತೇನೆ ಎಂಬುದು ಅವನ ಲೆಕ್ಕ.

ಅವನ ಮೇಜಿನ ಬಳಿಗೆ ಈಗ ಯಾರೂ ಬರುತ್ತಿರಲಿಲ್ಲ. ಬಂದವಳು ಒಬ್ಬಳೇ, ಒಂದು ಮಕ್ಕಳ ಆಸ್ಪತ್ರೆಯ ವೈದ್ಯೆ. ಅವಳು ಆಗತಾನೇ ಹುಟ್ಟಿದ ಕೂಸುಗಳ ಎದೆಬಡಿತವನ್ನು ವರ್ಷಗಟ್ಟಲೆ ಧ್ವನಿಮುದ್ರಿಸಿದ್ದಳು. ಯಾವ ಬಡಿತದಲ್ಲಿ ಮುಂದಿನ ರೋಗದ ಸುಳಿವಿದೆ ಎಂಬುದನ್ನು ಅದರಿಂದ ಕಂಡುಕೊಳ್ಳಬೇಕಿತ್ತು. ಆಸ್ಪತ್ರೆಯ ಯಂತ್ರದಲ್ಲಿ ಜಾಗ ತುಂಬಿಹೋಗಿತ್ತು. ಇಲ್ಲಿ ಇಟ್ಟ ಮೇಲೆ ಅಲ್ಲಿಯದನ್ನು ಅಳಿಸಲೇಬೇಕಿತ್ತು.

‘ಅಣ್ಣಾ, ಆ ಹೊಸದೆಲ್ಲ ನನಗೆ ಗೊತ್ತಾಗಲ್ಲ. ನೀವೇ ಒಂದು ಕಡೆ ಇಡಿ. ನಿಮ್ಮ ಹತ್ರ ಇದ್ರೆ ನನಗೆ ಧೈರ್ಯ’ ಎಂದಳು.

ಉಗ್ರಾಣಿಕ ಕಾಫಿ ತರಿಸಿದ. ಹೊಸದರಲ್ಲಿ ಇಟ್ಟರೆ ಮೂರು ಪ್ರತಿ ಇರುತ್ತದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಅದನ್ನು ತಾನೇ ಹೊಗಳಿದಂತಾಗುತ್ತದೆ. ನುಂಗಿಕೊಂಡ. ಕೂಸುಗಳ ಎದೆಬಡಿತವನ್ನೆಲ್ಲ ತನ್ನ ಕಪಾಟಿನಲ್ಲಿ ಇಟ್ಟ. ಮೊದಲಾಗಿದ್ದರೆ ಇನ್ನೊಂದು ಪ್ರತಿ ತೆಗೆದಿಡುತ್ತಿದ್ದ. ಈಗ ಪ್ರತಿ ತೆಗೆಯುವ ಯಂತ್ರವೂ ಹೊಸದರ ಕೈಯಲ್ಲಿತ್ತು. ನಾಲ್ಕು ಸಾಲು ಬರೆದು ಅದನ್ನು ಕೇಳಬೇಕು. ಕೇಳುವುದೇ, ಅದನ್ನು? ಅವನ ಮನಸ್ಸು ಒಪ್ಪಲಿಲ್ಲ.

ಬೇಸಿಗೆಯಲ್ಲಿ ಒಂದು ಬೆಳಗ್ಗೆ ಕೋಣೆಯನ್ನು ತಂಪಾಗಿಡುವ ಯಂತ್ರ ಕೆಟ್ಟಿತು. ಕೋಣೆ ಕಾದು ಡಿಸ್ಕುಗಳು ಒಂದೊಂದಾಗಿ ಸಾಯತೊಡಗಿದವು. ಉಗ್ರಾಣಿಕ ಒಳಗೊಳಗೇ ಹಿಗ್ಗಿದ. ತಲೆ ಬಾಚಿಕೊಂಡು ಮೇಜಿನ ಮುಂದೆ ಕೂತು, ಓಡಿ ಬರುವವರಿಗಾಗಿ ಕಾದ. ಯಾರೂ ಬರಲಿಲ್ಲ. ಹೊಸದು ಸತ್ತ ಡಿಸ್ಕುಗಳನ್ನು ಬಿಟ್ಟು, ಬದುಕಿದ್ದವುಗಳಲ್ಲಿ ಎಲ್ಲವನ್ನೂ ಸರಿಪಡಿಸಿಕೊಂಡಿತ್ತು. ಏನೋ ಆಗಿದೆ ಎಂಬುದೇ ಹೊರಗಿನವರಿಗೆ ತಿಳಿಯಲಿಲ್ಲ.

ಸಂಜೆ ಆ ವೈದ್ಯೆ ಬಂದಳು. ಎದೆಬಡಿತ ಒಂದೂ ಕೇಳಿಸುತ್ತಿಲ್ಲ ಎಂದಳು. ಉಗ್ರಾಣಿಕ ಹೋಗಿ ತನ್ನ ಕಪಾಟು ನೋಡಿದ. ಅದರ ಹಳೆಯ ಡಿಸ್ಕುಗಳೆಲ್ಲ ಸತ್ತಿದ್ದವು. ಅವನ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು. ಅಲ್ಲೇ ಕೂತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಅವನನ್ನೇ ಸಮಾಧಾನ ಮಾಡಿದಳು.

‘ಬಿಡಿ ಅಣ್ಣಾ, ಇಷ್ಟೊಂದು ಬಿಸಿಗೆ ನೀವಾದ್ರೂ ಏನು ಮಾಡೋಕಾಗುತ್ತೆ? ಎಲ್ಲರದ್ದೂ ಹೋಗಿರುತ್ತೆ.’

ಬೇರೆ ಯಾರದ್ದೂ ಹೋಗಿಲ್ಲ ಎಂದು ಹೇಳಲು ಉಗ್ರಾಣಿಕನಿಗೆ ಬಾಯಿ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅವನು ಆಮೇಲಾದರೂ ನಿಜ ಹೇಳಿದನೇ ಎಂದು ಮರುಳಯ್ಯ ಕೇಳಿದ.

“ಅವನ ವಿಷಯ ಬಿಡು. ಈಗಲೂ ನಿನ್ನನ್ನೇ ನಂಬಿ ಪಾಠಕ್ಕೆ ಬರುತ್ತಿರುವ ಮಕ್ಕಳು ಯಾರು ಯಾರು, ಹೇಳು” ಎಂದರು ಗುರುಗಳು.

ಮರುಳಯ್ಯ ಬೆರಳು ಮಡಿಚುತ್ತ ಒಬ್ಬೊಬ್ಬರ ಹೆಸರು ಹೇಳತೊಡಗಿದ.