ಬೀದಿಗೊಂದೇ ಕೆಂಡ

ಯುಗಾದಿಯ ಮರುದಿನ ಬೆಳಗಿನ ಪಾಠ ಮುಗಿದ ಮೇಲೆ ಶಿಷ್ಯನು ಕೇಳಿದನು:

“ಗುರುಗಳೇ, ಎರಡು ದೇಶಗಳನ್ನು ಹೋಲಿಸಿ ನೋಡಿದೆ. ಒಂದರಲ್ಲಿ ಹತ್ತು ದೀಪ ಉರಿದರೆ ಏಳಕ್ಕೆ ಕಲ್ಲಿದ್ದಲಿನ ವಿದ್ಯುತ್ತು. ಇನ್ನೊಂದರಲ್ಲಿ ಎರಡಕ್ಕೆ ಮಾತ್ರ. ಉಳಿದ ಎಂಟನ್ನು ನೀರು, ಗಾಳಿ, ಬಿಸಿಲು ನೋಡಿಕೊಳ್ಳುತ್ತವೆ. ಆ ಎರಡನೆಯ ದೇಶ ಕಲ್ಲಿದ್ದಲಿನ ಹಂಗನ್ನು ಬಹುಮಟ್ಟಿಗೆ ಕಳೆದುಕೊಂಡಿತು ಎನ್ನಬಹುದೇ?”

ಗುರುಗಳು ಅವನ ಹಲಗೆಯನ್ನು ನೋಡಿದರು. ಏಳು, ಎರಡು ಎಂದು ಬರೆದಿತ್ತು. ಅವರು ಕತೆ ಹೇಳಿದರು.

“ನಮ್ಮ ಊರಿಗೆ ಬೆಂಕಿಪೆಟ್ಟಿಗೆ ಬಾರದ ಕಾಲ. ಒಬ್ಬ ಕಮ್ಮಾರನೂ ಒಬ್ಬ ವ್ಯಾಪಾರಿಯೂ ಎದುರುಬದುರು ಮನೆಗಳಲ್ಲಿದ್ದರು. ಕಮ್ಮಾರನ ಕುಲುಮೆ ದಿನವಿಡೀ ಇದ್ದಿಲು ತಿನ್ನುತ್ತಿತ್ತು. ಸಂಜೆ ಅವನು ಕೆಂಡಕ್ಕೆ ಬೂದಿ ಮುಚ್ಚಿ ಕಾಪಾಡುತ್ತಿದ್ದ. ಬೆಳಗ್ಗೆ ಬೀದಿಯ ಹೆಂಗಸರು ಒಡೆದ ಮಡಕೆಯ ಚೂರು ಹಿಡಿದು ಬಂದು ಒಂದೊಂದು ಕೆಂಡ ಒಯ್ಯುತ್ತಿದ್ದರು. ಯಾರಿಗೆ ಜ್ವರ, ಯಾರ ಹಸು ಕರು ಹಾಕಿತು, ಎಲ್ಲ ಆ ಕುಲುಮೆಯ ಬಳಿಯೇ ತಿಳಿಯುತ್ತಿತ್ತು. ಅಂಥ ಬೆಳಗು ಈಗಿಲ್ಲ.

ವ್ಯಾಪಾರಿಯ ಮನೆಯಲ್ಲಿ ಅಡುಗೆ ಮುಗಿದೊಡನೆ ಒಲೆ ಆರಿಸಿ ಸಾರಿಸುತ್ತಿದ್ದರು. ಅದು ಅವನ ಹೆಮ್ಮೆ. ಒಂದು ಚಳಿಗಾಲ ಅವನ ಮಗಳು ತವರಿಗೆ ಬಂದು ಹೆಣ್ಣು ಕೂಸು ಹೆತ್ತಳು. ಅವನು ಕಮ್ಮಾರನನ್ನು ಕರೆದು ಹೇಳಿದ: ‘ಏನಯ್ಯಾ, ನನ್ನ ಮನೆಯಲ್ಲಿ ಹಿಡಿ ಬೂದಿ ಇಲ್ಲ, ನಿನ್ನಲ್ಲಿ ಗುಡ್ಡೆ ಬಿದ್ದಿದೆ. ಕೂಸಿಗೆ ಹೊಗೆ ಆಗದು. ಸಂಜೆಯಾದರೆ ಕುಲುಮೆ ಆರಿಸು.’

ಕಮ್ಮಾರನಿಗೆ ನಾಚಿಕೆಯಾಯಿತು. ಆ ಸಂಜೆ ಕೆಂಡಕ್ಕೆ ನೀರು ಹುಯ್ದ.

ಮರುದಿನ ವ್ಯಾಪಾರಿಯ ಹೆಂಡತಿ ಚೂರು ಹಿಡಿದು ಓಡಿಬಂದಳು. ಕೂಸಿನ ಕೈಕಾಲು ತಣ್ಣಗಾಗಿದ್ದವು.

‘ಕೆಂಡ ಎಲ್ಲಪ್ಪಾ?’

‘ಆರಿಸಿದೆ ತಾಯೀ. ನಿಮ್ಮ ಯಜಮಾನರೇ ಹೇಳಿದರಲ್ಲ.’

‘ಅವರು ಆರಿಸು ಅಂದದ್ದು ಹೊಗೆಯನ್ನು. ಕೆಂಡ ಆರಿಸು ಅಂದವರು ಯಾರು?’

ಬೀದಿಯಲ್ಲಿ ಬೇರೆಲ್ಲೂ ಬೆಂಕಿ ಇರಲಿಲ್ಲ. ಇಬ್ಬನಿಗೆ ಅರಳೆ ತೇವವಾಗಿ ಚಕಮಕಿ ಕಲ್ಲಿನ ಕಿಡಿ ಹಿಡಿಯಲಿಲ್ಲ. ವ್ಯಾಪಾರಿ ಮಡಕೆ ಹಿಡಿದು ಪಕ್ಕದ ಊರಿಗೆ ಓಡಿದ. ಬಾಣಂತಿಗೂ ನಡುಕ ಹತ್ತಿತ್ತು. ಅವನು ಕೆಂಡ ತರುವವರೆಗೆ ಕಮ್ಮಾರನ ಹೆಂಡತಿ ಕೂಸನ್ನು ತನ್ನ ಎದೆಗೆ ಅವಚಿಕೊಂಡು ಕುಳಿತಿದ್ದಳು. ಕೂಸು ಉಳಿಯಿತು.

ಅಂದು ಸಂಜೆ ಕುಲುಮೆಯ ಕೆಂಡಕ್ಕೆ ವ್ಯಾಪಾರಿಯೇ ಬಂದು ಬೂದಿ ಮುಚ್ಚಿದ. ಬಿಳಿ ಪಂಚೆ ಕಪ್ಪಾಯಿತು. ಆ ಕೂಸು ನನ್ನ ತಾಯಿ. ಈ ಕತೆ ಹೇಳುವಾಗಲೆಲ್ಲ ಆಕೆ ಒಲೆಯತ್ತ ಕೈ ಚಾಚಿಕೊಂಡು ಕೂರುತ್ತಿದ್ದಳು.”

ಗುರುಗಳು ಕೇಳಿದರು: “ನಿನ್ನ ಎರಡನೆಯ ದೇಶದಲ್ಲಿ ಆ ಉಳಿದ ಎಂಟು ದೀಪಗಳಿಗೆ ವಿದ್ಯುತ್ತು ಕೊಡುವ ಬಿಸಿಲಿನ ಫಲಕಗಳ ಗಾಜು ಎಲ್ಲಿ ಕರಗಿತು?”

“ಮೊದಲನೆಯ ದೇಶದಲ್ಲಿ, ಗುರುಗಳೇ. ಅಲ್ಲಿಂದಲೇ ತರಿಸುತ್ತಾರೆ. ಗಾಳಿಯಂತ್ರದ ಉಕ್ಕೂ ಅಲ್ಲಿಯದೇ.”

“ಯಾವುದರ ಉರಿಯಲ್ಲಿ?”

ಶಿಷ್ಯನು ಹಲಗೆಯ ಮೇಲಿನ ‘ಎರಡು’ ಎಂಬುದನ್ನು ಒರೆಸಿ, ಬಳಪ ಹಿಡಿದು ಕಾದನು.

ಗುರುಗಳು ಹೇಳಿದರು: “ಹತ್ತು ಎಂದು ಬರೆ.”