ಚೌರಮ್ಮನ ವೈನಿಗೆ ನಾತ ಹಿಡಿದದ್ದು

ಮಾತು ಕೇಳದ ಮಕ್ಕಳನ್ನು ಹೆತ್ತು ಅಳುವ ತಾಯಂದಿರು ಊರ ತುಂಬ ಇದ್ದಾರೆ. ಹೇಳಿದ ಮಾತನ್ನು ಒಂದಕ್ಷರ ಬಿಡದೆ ಕೇಳುವ ಮಗನನ್ನು ಹೆತ್ತು ಅತ್ತವಳು ನಮ್ಮ ಚೌರಮ್ಮ ಒಬ್ಬಳೇ. ಮಗನ ಹೆಸರು ಇನ್ನಾಸಪ್ಪ. ವಯಸ್ಸು ಮೂವತ್ತು ದಾಟಿತ್ತು, ಬುದ್ಧಿ ಇನ್ನೂ ತೊಟ್ಟಿಲಲ್ಲೇ ಇತ್ತು.

ಮಗಳು ಫಿಲೋಮಿಯ ನಿಶ್ಚಿತಾರ್ಥದ ದಿನ ಗೊತ್ತಾಗಿತ್ತು. ಅವರ ಮನೆತನದಲ್ಲಿ ಒಂದು ಪದ್ಧತಿ. ಹೆಣ್ಣಿನ ತಾಯಿ ತಾನು ಮಾಡಿದ ವೈನನ್ನು ತನ್ನ ಕೈಯಿಂದಲೇ ಗಂಡಿನ ತಂದೆಗೆ ಬಗ್ಗಿಸಿ ಕೊಡಬೇಕು. ಆ ಲೋಟ ಖಾಲಿಯಾದರೆ ಸಂಬಂಧ ಗಟ್ಟಿ. ಗಂಡ ಸತ್ತ ಮೇಲೆ ಚೌರಮ್ಮನನ್ನು ಯಾವ ಕಾರ್ಯಕ್ಕೂ ಮುಂದೆ ಕರೆದವರಿಲ್ಲ. ಎಲ್ಲದಕ್ಕೂ ಮೈದುನ ರಾಯಪ್ಪನದೇ ಯಜಮಾನಿಕೆ. ಇದೊಂದು ಲೋಟ ಮಾತ್ರ ಅವಳದು. ಅದಕ್ಕೆಂದೇ ಕಪ್ಪು ದ್ರಾಕ್ಷಿ ಹಿಸುಕಿ, ಕಾಯಿಸದೆ ಕಲಕದೆ ಕಾದು, ಎರಡು ಜಾಡಿ ವೈನು ಮಾಡಿದ್ದಳು.

ಒಂದು ಜಾಡಿಯದನ್ನು ಇಪ್ಪತ್ತು ಬಾಟಲಿಗೆ ತುಂಬುವ ಹಿಂದಿನ ದಿನ, ಪಾಚಿ ಕಟ್ಟಿದ ಬಚ್ಚಲು ನೋಡಿ ಮಗನನ್ನು ಬೈದಳು.

"ಕೊಳೆ ಎಲ್ಲೇ ಕಾಣಲಿ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಬೇಕು ಕಣೋ."

"ಆಗ್ಲಿ ಅವ್ವ."

ಬಚ್ಚಲು ಉಜ್ಜಿದ. ಪಕ್ಕದಲ್ಲಿ ಬಾಟಲಿಗೆ ಹಾಕುವ ಕಾರ್ಕುಗಳಿದ್ದವು. ಕಂದು ಬಣ್ಣ. ಇವನ ಕಣ್ಣಿಗೆ ಅದೂ ಕೊಳೆಯೇ. ಅವನ್ನೂ ಪೌಡರಿನ ನೀರಲ್ಲಿ ಉಜ್ಜಿ, ಒದ್ದೆಯಾಗಿಯೇ ಬೂಷ್ಟು ಹಿಡಿದ ಗೋಣಿಚೀಲಕ್ಕೆ ತುಂಬಿಟ್ಟ. ಗೊತ್ತಿಲ್ಲದ ಚೌರಮ್ಮ ಮರುದಿನ ಅವನ್ನೇ ಬಾಟಲಿಗಳಿಗೆ ಹೊಡೆದಳು.

ಮೂರು ತಿಂಗಳಾದ ಮೇಲೆ, ನಿಶ್ಚಿತಾರ್ಥ ಹತ್ತಿರ ಬಂದಾಗ, ಒಂದು ಬಾಟಲಿ ತೆಗೆದರೆ, ಮಳೆಗೆ ನೆನೆದು ಕೊಳೆತ ಗೋಣಿಯ ನಾತ. ಬೂಷ್ಟೂ ಬ್ಲೀಚಿಂಗ್ ಪೌಡರೂ ಕಾರ್ಕಿನಲ್ಲಿ ಕೂಡಿದರೆ ಹುಟ್ಟುವ ನಾತ ಅದು. ತೊಳೆದರೆ ಹೋಗದು, ಕಾದರೆ ಹೋಗದು. ಒಂದೊಂದಾಗಿ ಮೂಸಿದಳು. ಇಪ್ಪತ್ತರಲ್ಲಿ ಹನ್ನೆರಡು ಬಾಟಲಿ ಹಾಳು.

"ನೀನೇ ಹೇಳಿದ್ದಲ್ವ ಅವ್ವ, ಕೊಳೆ ಎಲ್ಲೇ ಕಾಣಲಿ ಅಂತ."

ಹೇಳಿದ್ದು ಹೌದು. ಅದಕ್ಕೇ ಇನ್ನೂ ಹೊಟ್ಟೆ ಉರಿಯಿತು. ಆ ಸಂಕಟದಲ್ಲಿ ಅಂದಿನ ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟಳು. ಇನ್ನಾಸಪ್ಪ ಚೆಲ್ಲಲು ಎತ್ತಿಕೊಂಡ.

"ಚೆಲ್ಲಬಾರದು ಕಣೋ ದಂಡಪಿಂಡ. ಕೆಟ್ಟಿದ್ದನ್ನ ದೊಡ್ಡ ಪಾತ್ರೆಗೆ ಸುರಿದು ಬೆರೆಸಿದ್ರೆ ಗೊತ್ತಾಗಲ್ಲ."

"ಆಗ್ಲಿ ಅವ್ವ."

ಸಂಜೆಯೊಳಗೆ ಕೆಟ್ಟ ಬಾಟಲಿಯೊಂದನ್ನು ಇನ್ನೊಂದು ಜಾಡಿಗೆ ಸುರಿದು, ಸೌಟಿನಲ್ಲಿ ಚೆನ್ನಾಗಿ ಬೆರೆಸಿದ್ದ. ಸಾರಿನ ಉಪ್ಪು ನೀರಿಗೆ ಸೋಲುತ್ತದೆ. ಈ ನಾತ ಸೋಲುವುದಲ್ಲ. ಒಂದು ಬಾಟಲಿಗೆ ಇಡೀ ಜಾಡಿ ಹೋಯಿತು. ಚೌರಮ್ಮ ಜಾಡಿಯ ಪಕ್ಕ ಕುಕ್ಕರಿಸಿ ಕೂತಳು. ಹೊಡೆಯಲು ಕೈ ಏಳಲಿಲ್ಲ.

"ಬೆರೆಸಬಾರದಿತ್ತು ಕಣೋ. ನಾತ ಹಿಡಿದಿದ್ದನ್ನ ಹೊರಗೆ ಗಾಳಿಗೆ ಹಾಕಬೇಕು."

"ಆಗ್ಲಿ ಅವ್ವ."

ನಾತ ಹಿಡಿದ ಗೋಣಿ, ರಟ್ಟಿನ ಪೆಟ್ಟಿಗೆ, ಬಾಟಲಿ ಒರೆಸಿದ ಬಟ್ಟೆ, ಎಲ್ಲವನ್ನೂ ಅಂಗಳಕ್ಕೆ ತಂದ. ಹಗ್ಗದ ಮೇಲೆ ಚೌರಮ್ಮನ ರೇಷ್ಮೆ ಸೀರೆ ಗಾಳಿಗೆ ಆರುತ್ತಿತ್ತು. ಜಾಗ ಸಾಲದೆ ಗೋಣಿಯನ್ನು ಅದರ ಮೇಲೇ ಹರಡಿದ. ಎರಡು ದಿನ ಹಾಗೇ ಇತ್ತು. ಹೊರಗೆ ಹಾಕಿದ್ದಾನಲ್ಲ ಎಂದು ಅವಳೂ ಹತ್ತಿರ ಹೋಗಿ ನೋಡಲಿಲ್ಲ. ಅಷ್ಟು ಹೊತ್ತಿಗೆ ಮೂಸಿ ಮೂಸಿ ಅವಳ ಮೂಗು ಸತ್ತಿತ್ತು. ಗೋಣಿಯೂ ಒಂದೇ, ಮಲ್ಲಿಗೆಯೂ ಒಂದೇ.

ನಿಶ್ಚಿತಾರ್ಥದ ಬೆಳಿಗ್ಗೆ ಉಳಿದ ಎಂಟು ಬಾಟಲಿ ಮುಂದಿಟ್ಟುಕೊಂಡಳು. ಅವುಗಳ ಮೇಲೂ ನಂಬಿಕೆ ಹೋಗಿತ್ತು. ಇನ್ನಾಸಪ್ಪನ ಮೂಗು ಮಾತ್ರ ಚುರುಕು. ಮೂರು ಮನೆಯಾಚೆ ಸಾರು ಹಳಸಿದರೂ ಹೇಳಬಲ್ಲ.

"ನೀನು ಮೂಸು ಮಗ. ನಾತ ಇರೋದು ಏನೇ ಆಗ್ಲಿ, ಹಿತ್ತಲಿಗೆ ಹಾಕಿ ಅಗಳಿ ಹಾಕು. ನಾತ ಹೋಗೋ ತನಕ ಯಾರು ಹೇಳಿದ್ರೂ ಒಳಗೆ ಬಿಡಬೇಡ."

"ಆಗ್ಲಿ ಅವ್ವ."

ಮೂಸಿದ. ಮೂರನ್ನು ಹಿತ್ತಲಿಗೆ ಹಾಕಿದ, ಐದನ್ನು ಮೇಜಿನ ಮೇಲಿಟ್ಟ. ಒಂದೂ ತಪ್ಪಲಿಲ್ಲ. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಚೌರಮ್ಮ ಅವನ ತಲೆ ಸವರಿದಳು.

ಗಂಡಿನವರು ಬಂದರು. ಚೌರಮ್ಮ ರೇಷ್ಮೆ ಸೀರೆ ಉಟ್ಟು ನಡುಮನೆಗೆ ಹೊರಟಳು. ಬಾಗಿಲಲ್ಲಿ ಇನ್ನಾಸಪ್ಪ ನಿಂತಿದ್ದ. ಮೂಸಿದ. ಇನ್ನೊಮ್ಮೆ ಮೂಸಿದ. ತಾಯಿಯನ್ನು ಮಗುವಿನಂತೆ ಎತ್ತಿಕೊಂಡು ಹೋಗಿ, ಹಿತ್ತಲಲ್ಲಿ ಆ ಮೂರು ಬಾಟಲಿಯ ಪಕ್ಕ ಇಳಿಸಿ, ಬಾಗಿಲಿಗೆ ಅಗಳಿ ಹಾಕಿದ.

ಒಳಗೆ ಗಂಡಿನ ತಂದೆ ಕೇಳುವುದು ಅವಳಿಗೆ ಕೇಳಿಸಿತು.

"ಬೀಗಿತ್ತಿ ಎಲ್ಲಿ?"

"ಅವ್ವಂಗೆ ನಾತ ಹಿಡಿದೈತೆ. ಹಿತ್ತಲಿಗೆ ಹಾಕಿದ್ದೀನಿ."

ಎಲ್ಲರೂ ನಕ್ಕರು. ರಾಯಪ್ಪ ಗಂಟಲು ಸರಿಮಾಡಿಕೊಂಡ. "ಅವನ ಮಾತು ಬಿಡಿ. ಗಂಡ ಇಲ್ಲದೋಳು, ಮುಂದೆ ಬರೋಕೆ ಸಂಕೋಚ. ಹೊತ್ತು ಮೀರ್ತದೆ, ನಾನೇ ಬಗ್ಗಿಸ್ತೀನಿ."

ಚೌರಮ್ಮ ಬಾಗಿಲು ಬಡಿದಳು.

"ತೆಗಿಯೋ ಮಗ."

ಬಾಗಿಲಿನ ಆಚೆ ಇನ್ನಾಸಪ್ಪ ಕಾವಲು ನಿಂತಿದ್ದ. "ನಾತ ಹೋಯ್ತಾ ಅವ್ವ?"

ಅವಳು ಸೆರಗೆತ್ತಿ ಮೂಗಿಗೆ ಒತ್ತಿಕೊಂಡಳು. ಉಸಿರೆಳೆದಳು. ಏನೂ ಇಲ್ಲ.

"ನಂಗೆ ಗೊತ್ತಾಗ್ತಿಲ್ಲ ಕಣೋ."

"ಹಂಗಾದ್ರೆ ಇನ್ನೊಸಿ ಹೊತ್ತು ಇರವ್ವ," ಎಂದ ಮಗ, ಬಹಳ ಪ್ರೀತಿಯಿಂದ. ಒಳಗೆ ಗಂಡಿನ ತಂದೆ ಲೋಟ ಖಾಲಿ ಮಾಡಿ, ವೈನು ಬಲು ಸೊಗಸಾಗಿದೆ ಎಂದು ರಾಯಪ್ಪನನ್ನು ಹೊಗಳಿದ.